ಮಗು ಬಾಯಿ ಬಿಟ್ಟಾಗ ಗದರಬೇಡಿ

ಸಂಪಾದಕರೇ,

ಪರಿಚಯದವರ ಮಗುವೊಂದು ಟ್ಯೂಷನ್‌ಗೆ ಹೋಗಲ್ಲ ಅಂತ ವಾರಗಟ್ಟಲೆ ಹಟ ಹಿಡಿದಿತ್ತು. ಸೋಮಾರಿತನ ಅಂದುಕೊಂಡು ಎಲ್ಲರೂ ಗದರಿದೆವು, ನಾನೂ ಗದರಿದೆ. ಕೊನೆಗೊಂದು ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿ, ದೀಪ ಆರಿಸಿದ ಮೇಲೆ, ಅಲ್ಲಿ ತನಗೆ ಏನಾಗುತ್ತಿತ್ತು ಅಂತ ಮೆಲ್ಲಗೆ ಹೇಳಿತು. ‘ಹೇಳಿದ್ದು ಒಳ್ಳೇದಾಯ್ತು ಕಂದಾ, ಇದ್ರಲ್ಲಿ ನಿನ್ನ ತಪ್ಪೇನೂ ಇಲ್ಲ’ ಅಂದರಂತೆ ಅಜ್ಜಿ. ನಾವಾಗಿದ್ದರೆ ‘ಆಗಲೇ ಯಾಕೆ ಹೇಳಲಿಲ್ಲ’ ಅಂತ ಶುರು ಮಾಡುತ್ತಿದ್ದೆವು, ಅಲ್ವಾ?

ಮಗು ಹೇಳಿದಷ್ಟು ಕೇಳಿ. ಕೆದಕಿ ಕೆದಕಿ ಕೇಳಬೇಡಿ. ‘ಯಾರಿಗೂ ಹೇಳಲ್ಲ’ ಅಂತ ಸುಮ್ನೆ ಮಾತು ಕೊಡಬೇಡಿ, ಯಾಕೆಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ, ಇಂಥ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ನಿನ್ನನ್ನ ಕಾಪಾಡೋರಿಗೆ ಮಾತ್ರ ಹೇಳ್ತೀನಿ’ ಅನ್ನಿ. ಠಾಣೆ ಅಂದರೆ ಭಯ ಜಾಸ್ತಿ, ಆದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಅಂತಲೂ ಅದೇ ಕಾಯ್ದೆಯಲ್ಲಿದೆ.

ಬೆಂಗಳೂರಿನ ಟ್ಯೂಷನ್ ನಡೆಸುವವರಲ್ಲಿ, ಶಾಲೆಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಒಂದು ಕೋರಿಕೆ. ಮಕ್ಕಳ ಸಹಾಯವಾಣಿ 1098 ಅನ್ನು ದೊಡ್ಡದಾಗಿ ಬರೆದು ಅಂಟಿಸಿ, ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿ.

– ಒಬ್ಬ ತಾಯಿ, ಬೆಂಗಳೂರು