ಬ್ಲೋವರ್ ದೊಡ್ಡದು ಮಾಡುವ ಮೊದಲು ಪೈಪಿನ ತೂತು ನೋಡಿ

ಮಾನ್ಯ ಸಂಪಾದಕರೇ,

ಫ್ಲ್ಯಾಟ್‌ಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನಾತದ ಬಗ್ಗೆ ಬಿಜೈ ಕಡೆಯ ಓದುಗರೊಬ್ಬರು ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಸಾಲದು, ದೊಡ್ಡದು ಹಾಕಿಸಬೇಕು ಎಂದು ಅವರು ಬರೆದಿದ್ದಾರೆ. ದೇರೆಬೈಲಿನ ನಮ್ಮ ಫ್ಲ್ಯಾಟಿನ ಮೀಟಿಂಗ್‌ನಲ್ಲೂ ಇದೇ ಮಾತು ಬಂದಿತ್ತು. "ಎಂತ ಮಾರಾಯ್ರೇ, ಡಬಲ್ ಗಾಳಿ ಕೊಟ್ರೆ ಎಲ್ಲ ಸರಿಯಾಗ್ತದೆ" ಎಂದರು ಕಾರ್ಯದರ್ಶಿ. ನಾನು ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಮೈಂಟೆನೆನ್ಸ್ ಸೂಪರ್‌ವೈಸರ್ ಆಗಿ ನಿವೃತ್ತನಾದವನು. ಡಬಲ್ ಗಾಳಿಗೆ ದುಡ್ಡು ಕೊಡುವ ಮೊದಲು ಟ್ಯಾಂಕಿನ ತಳದಲ್ಲಿ ಆ ಗಾಳಿಯನ್ನು ನೀರಿಗೆ ಬಿಡುವ ತೂತಿನ ಪೈಪು ನೋಡಿ ಎಂದು ಹೇಳುವುದಕ್ಕೇ ಈ ಪತ್ರ.

ನಮ್ಮ ಟ್ಯಾಂಕಿನಲ್ಲಿ ಒಂದು ತುದಿಯಲ್ಲಿ ನೀರು ಕುದಿಯುವ ಹಾಗೆ ಗುಳ್ಳೆ ಬರುತ್ತಿತ್ತು. ಇನ್ನೊಂದು ತುದಿಯ ಮೂರನೇ ಒಂದು ಭಾಗ ಸುಮ್ನೆ ನಿಂತಿತ್ತು. ನಾತ ಬರುವುದು ಅಲ್ಲಿಂದಲೇ. ಗಾಳಿ ಸಿಗದ ಮೂಲೆಯಲ್ಲಿ ಕೆಸರು ಕೂತು ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಇಡೀ ಟ್ಯಾಂಕಿಗೆ ಬೇಕಾದಷ್ಟು ಗಾಳಿ ಒಳಗೆ ಹೋಗುತ್ತಲೇ ಇತ್ತು. ಹಂಚಿಕೆ ಮಾತ್ರ ಇರಲಿಲ್ಲ.

ಪೈಪು ಮೇಲೆತ್ತಿಸಿದಾಗ ಕಾರಣ ಕಂಡಿತು. 2 ಇಂಚಿನ ಪೈಪಿಗೆ 10 ಮಿಲಿಮೀಟರಿನ 40 ತೂತು ಕೊರೆದಿದ್ದರು. ಲೆಕ್ಕ ಹಾಕಿ ನೋಡಿ. ಪೈಪಿನ ಬಾಯಿಯ ವಿಸ್ತೀರ್ಣ ಸುಮಾರು 1,960 ಚದರ ಮಿಲಿಮೀಟರ್. ತೂತುಗಳದ್ದೆಲ್ಲ ಕೂಡಿದರೆ 3,140. ಒಳಗೆ ಬರುವ ದಾರಿಗಿಂತ ಹೊರಗೆ ಹೋಗುವ ದಾರಿಯೇ ದೊಡ್ಡದು! ತೂತು ದೊಡ್ಡದಾದಷ್ಟೂ ಗಾಳಿ ಜಾಸ್ತಿ ಎಂದು ಕೊರೆದವರು ಅಂದುಕೊಂಡಿರಬೇಕು. ಆದರೆ ಗಾಳಿ ಸಮನಾಗಿ ಹಂಚಿಹೋಗಬೇಕಾದರೆ ಪ್ರತಿ ತೂತೂ ಅದನ್ನು ಸ್ವಲ್ಪ ತಡೆಯಬೇಕು. ತಡೆ ಇಲ್ಲದಿದ್ದರೆ ಸುಲಭದ ತೂತು ಎಲ್ಲಿದೆಯೋ ಅಲ್ಲಿಂದಲೇ ಗಾಳಿ ನುಗ್ಗುತ್ತದೆ. ಪೈಪಿನ ಉದ್ದಕ್ಕೂ ಒತ್ತಡ ಎಷ್ಟು ಏರುಪೇರಾಗುತ್ತದೋ, ತೂತಿನಲ್ಲಿ ಅದರ ಹತ್ತು ಪಟ್ಟು ಒತ್ತಡ ಇಳಿಯಬೇಕು ಎನ್ನುವುದು ಡಿಸೈನ್ ಮಾಡುವವರ ರೂಢಿ. ಇದನ್ನು ವಿಸ್ತೀರ್ಣದ ಲೆಕ್ಕಕ್ಕೆ ತಂದರೆ, ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ಅರ್ಧಕ್ಕಿಂತ ಜಾಸ್ತಿ ಇರಬಾರದು. ಅದೇ 40 ತೂತುಗಳನ್ನು 5 ಮಿಲಿಮೀಟರಿಗೆ ಇಳಿಸಿದರೆ ಒಟ್ಟು 785 ಆಗುತ್ತದೆ. ಅಂದರೆ ನೂರಕ್ಕೆ 40ರಷ್ಟು. ಅಷ್ಟು ಸಾಕು.

ಇನ್ನೊಂದು ತೊಂದರೆ ಇತ್ತು. ಪೈಪಿನ ಒಂದು ತುದಿ ಇನ್ನೊಂದಕ್ಕಿಂತ 4 ಸೆಂಟಿಮೀಟರ್ ತಗ್ಗು. ನಮ್ಮ ಕಡೆ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇಳಿಜಾರಿನ ಕಾಟ ಗೊತ್ತಿರುತ್ತದೆ, ತಗ್ಗಿನ ಜೆಟ್‌ಗಳು ಜೋರು, ಮೇಲಿನವು ನಿಧಾನ. ನೀರಿನೊಳಗೆ ಗಾಳಿ ಬಿಡುವಾಗ ಇದು ತಲೆಕೆಳಗು. ತಗ್ಗಿನ ತೂತಿನ ಮೇಲೆ ನೀರಿನ ಭಾರ ಜಾಸ್ತಿ, ಹಾಗಾಗಿ ಎತ್ತರದ ತುದಿಯೇ ಎಲ್ಲ ಗಾಳಿ ತಿನ್ನುತ್ತದೆ. ಗಂಟೆಗೆ 60 ಘನ ಮೀಟರ್ ಗಾಳಿಗೆ 10 ಮಿಲಿಮೀಟರಿನ ತೂತು ಕೊಡುವ ತಡೆ ಬರೀ 6 ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟು. 4 ಸೆಂಟಿಮೀಟರ್ ತಗ್ಗಿನ ಎದುರು ಅದು ಎಲ್ಲಿ ನಿಲ್ಲುತ್ತದೆ? ಗಾಳಿಯನ್ನು ಎರಡು ಪಟ್ಟು ಮಾಡಿದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿದೆ. ತಗ್ಗಿನ ತುದಿಯಲ್ಲಿ ಗುಳ್ಳೆ ಕಾಣಿಸಿಕೊಳ್ಳುತ್ತದೆ ನಿಜ, ಆದರೆ ಎತ್ತರದ ತೂತಿಗೆ ಅದರ ಎರಡೂವರೆ ಪಟ್ಟಿಗೂ ಜಾಸ್ತಿ ಗಾಳಿ. ಕರೆಂಟ್ ಬಿಲ್ಲು ಮಾತ್ರ ಪೂರ್ತಿ ಏರುತ್ತದೆ. ತೂತು 5 ಮಿಲಿಮೀಟರ್ ಆದರೆ ತಡೆ 10 ಸೆಂಟಿಮೀಟರ್ ನೀರಿನಷ್ಟಾಗುತ್ತದೆ. 3 ಮೀಟರ್ ಆಳದ ಟ್ಯಾಂಕಿಗೆ ಬ್ಲೋವರ್ ಮೇಲೆ ಬೀಳುವ ಹೆಚ್ಚಿನ ಹೊರೆ ನೂರಕ್ಕೆ ಮೂರರಷ್ಟೇ. ಆಗಲೂ 4 ಸೆಂಟಿಮೀಟರ್ ಓರೆ ಇದ್ದರೆ ಎರಡು ತುದಿಗಳ ನಡುವೆ ನೂರಕ್ಕೆ 20ರಷ್ಟು ವ್ಯತ್ಯಾಸ ಉಳಿಯುತ್ತದೆ. ಆದ್ದರಿಂದ ಲೆವೆಲ್ ಮಾಡಲೇಬೇಕು. ಮೇಸ್ತ್ರಿಗಳ ನೀರಿನ ಟ್ಯೂಬ್ ಇದ್ದರೆ ಸಾಕು, ದುಬಾರಿ ಸಾಮಾನು ಬೇಡ.

ದೂರದ ತುದಿಗೆ ಗಾಳಿ ಕಮ್ಮಿ, ಅಲ್ಲಿ ತೂತು ದೊಡ್ಡದು ಮಾಡಿ ಎಂದು ಕೆಲವರು ಹೇಳುತ್ತಾರೆ. ಉದ್ದದ ಸಪೂರ ಪೈಪಿನಲ್ಲಿ ತಿಕ್ಕಾಟದಿಂದ ಹಾಗಾಗಬಹುದು. ಗಿಡ್ಡ ದಪ್ಪ ಪೈಪಿನಲ್ಲಿ ಆಗುವುದು ಇದಕ್ಕೆ ಉಲ್ಟಾ. ಗಾಳಿ ಮುಂದೆ ಹೋದಂತೆ ವೇಗ ಇಳಿದು, ಮುಚ್ಚಿದ ತುದಿಯಲ್ಲಿ ಒತ್ತಡ ಏರುತ್ತದೆ, ಅಲ್ಲಿಯೇ ಜಾಸ್ತಿ ಗಾಳಿ ಬರುತ್ತದೆ. ಅಂದಾಜಿನ ಮೇಲೆ ಕೊರೆಯಬೇಡಿ.

ತೂತು ಪೈಪಿನ ಕೆಳಭಾಗಕ್ಕೇ ಇರಲಿ. ಮೆಸ್ಕಾಂ ಕರೆಂಟ್ ಹೋದಾಗ, ನಮ್ಮಲ್ಲಿ ಮಳೆಗಾಲದಲ್ಲಿ ಅದು ಆಗಾಗ ಹೋಗುತ್ತಲೇ ಇರುತ್ತದೆ, ಪೈಪಿನೊಳಗೆ ನೀರೂ ಕೆಸರೂ ನುಗ್ಗುತ್ತವೆ. ತೂತು ಕೆಳಗಿದ್ದರೆ ಬ್ಲೋವರ್ ಚಾಲೂ ಆದ ಕೂಡಲೇ ಅದೆಲ್ಲ ಹೊರಗೆ ಬೀಳುತ್ತದೆ. ಮೇಲಿದ್ದರೆ ಒಳಗೇ ಗಟ್ಟಿಯಾಗುತ್ತದೆ. ಬ್ಲೋವರ್‌ನಿಂದ ಬರುವ ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಏರಿಸಿ ಆಮೇಲೆ ಇಳಿಸಬೇಕು, ಇಲ್ಲವಾದರೆ ಕೊಳಚೆ ನೀರು ಬ್ಲೋವರ್‌ವರೆಗೂ ಹೋಗುತ್ತದೆ. ಬ್ಲೋವರ್ ಹತ್ತಿರ ಪಿವಿಸಿ ಬೇಡ, ಗಾಳಿಯ ಬಿಸಿಗೆ ಮೆತ್ತಗಾಗುತ್ತದೆ.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಪೈಪು ಸರಿಯಿಲ್ಲದ ಕಡೆ ಕೊನೆಗೆ ಯಾರೋ ಒಬ್ಬ ಹುಡುಗನನ್ನು ಟ್ಯಾಂಕಿಗೆ ಇಳಿಸುತ್ತಾರೆ. ನಮ್ಮ ಕೆಲಸಕ್ಕೆ ಬಂದಿದ್ದ ಗುತ್ತಿಗೆದಾರರ ಹುಡುಗನೂ "ಅಣ್ಣಾ, ಇಳಿದು ನೋಡ್ತೇನೆ, ಎರಡು ನಿಮಿಷ" ಎಂದ. ನಾನು ಬಿಡಲಿಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ನಾತ ಇಲ್ಲ ಎಂದು ಇಳಿದವರು, ಅವರನ್ನು ಎತ್ತಲು ಹೋದವರು, ಇಬ್ಬರೂ ಸತ್ತ ಸುದ್ದಿ ನಾವು ಓದುತ್ತಲೇ ಇದ್ದೇವಲ್ವಾ? ರಕ್ಷಣೆಯ ಸಲಕರಣೆ ಕೊಡದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಪ್ರತಿ ಪೈಪಿಗೂ ಮೇಲೆ ಒಂದು ಯೂನಿಯನ್ (ಬಿಚ್ಚಿ ಜೋಡಿಸುವ ಜಾಯಿಂಟ್), ಒಂದು ವಾಲ್ವ್, ಎತ್ತಲು ಒಂದು ಚೈನು ಇದ್ದರೆ ಯಾರೂ ಇಳಿಯಬೇಕಾಗಿಲ್ಲ. ಪೈಪೇ ಮೇಲೆ ಬರುತ್ತದೆ. ನಮ್ಮಲ್ಲಿ ಪುಣ್ಯಕ್ಕೆ ಪೈಪು ಕಾಂಕ್ರೀಟಿನಲ್ಲಿ ಹೂತಿರಲಿಲ್ಲ.

ಎಸ್‌ಟಿಪಿಗೆ ಅನುಮತಿ ಕೊಡುವ ಇಲಾಖೆಯವರಲ್ಲಿ ಒಂದು ಕೋರಿಕೆ. ಬ್ಲೋವರ್ ಎಷ್ಟು ಎಚ್‌ಪಿ ಎಂದು ಕೇಳುತ್ತೀರಿ, ಸರಿ. ತೂತಿನ ಅಳತೆ, ಸಂಖ್ಯೆ, ಎತ್ತುವ ವ್ಯವಸ್ಥೆ ಇರುವ ಡ್ರಾಯಿಂಗ್ ಕೂಡ ಕೇಳಿ. ಕೊಳಚೆ ನೀರು ಬಿಡುವ ಮೊದಲು ಪೈಪಿನ ಮೇಲೆ ಒಂದು ಗೇಣು ಒಳ್ಳೆಯ ನೀರು ನಿಲ್ಲಿಸಿ ಬ್ಲೋವರ್ ಹಾಕಿಸಿ. ಯಾವ ತೂತಿನಲ್ಲಿ ಗುಳ್ಳೆ ಇಲ್ಲ ಎಂದು ಟ್ಯಾಂಕಿನ ಕಟ್ಟೆಯ ಮೇಲೆ ನಿಂತೇ ಕಾಣುತ್ತದೆ. ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಕಮ್ಮಿಯಾಗುವ ಏಪ್ರಿಲ್, ಮೇ ತಿಂಗಳಲ್ಲಿ ಈ ಪರೀಕ್ಷೆಗೆ ನೀರು ಹೊಂದಿಸುವುದು ಕಷ್ಟ, ಮಳೆಗಾಲ ಮುಗಿದ ಕೂಡಲೇ ಮಾಡಿದರೆ ಒಳ್ಳೆಯದು.

ಇತಿ,
ಒಬ್ಬ ನಿವೃತ್ತ ಮೈಂಟೆನೆನ್ಸ್ ಸೂಪರ್‌ವೈಸರ್
ದೇರೆಬೈಲು, ಮಂಗಳೂರು