ಹೋಳಿಗೆಗೆ ನಡಿಗೆಯ ದಂಡ ಕಟ್ಟಬೇಡ

ಕಲಬುರಗಿ

ಮಗಳೇ,

ಎಳ್ಳಮಾವಾಸ್ಯೆ ಮುಗಿಸಿ ಬೀದರಿನ ಹಾಸ್ಟೆಲಿಗೆ ಹೋದವಳು ಫೋನಿನಲ್ಲಿ “ಎರಡು ಶೇಂಗಾ ಹೋಳಿಗಿ ತಿಂದೀನಿ, ನಾಳೆ ಎರಡು ತಾಸು ಹೆಚ್ಚಿಗಿ ನಡದು ಕರಗಸ್ತೀನಿ” ಅಂದೆಯಲ್ಲ, ಈ ಪತ್ರ ಅದಕ್ಕೆ. ನಡೆಯುವುದಕ್ಕೆ ನನ್ನ ತಕರಾರಿಲ್ಲ. ‘ಕರಗಸ್ತೀನಿ’ ಅನ್ನುವುದಕ್ಕಿದೆ.

ಮೊದಲು ನಿನ್ನ ಕೈಯ ವಾಚು. 55 ಕಿಲೋ ತೂಕದವರು ತಾಸಿಗೆ 5 ಕಿ.ಮೀ. ವೇಗದಲ್ಲಿ ಒಂದು ತಾಸು ನಡೆದರೆ ಸುಮಾರು 190 ಕ್ಯಾಲರಿ ಖರ್ಚಾಗುತ್ತದೆ. ಅದರಲ್ಲಿ 55 ಸುಮ್ಮನೆ ಕೂತಿದ್ದರೂ ಹೋಗುತ್ತಿದ್ದದ್ದೇ. ಉಸಿರು, ಹೃದಯ, ಮಿದುಳು, ಲಿವರ್ ನಡೆಯಬೇಕಲ್ಲ. ಕೆಲವು ವಾಚು, ಟ್ರೆಡ್‌ಮಿಲ್‌ಗಳು ಎರಡನ್ನೂ ಕೂಡಿಸಿ ತೋರಿಸಿ ಬೆನ್ನು ಚಪ್ಪರಿಸುತ್ತವೆ. ವಾಚಿಗೆ ಸಿಗುವುದು ನಾಡಿಬಡಿತ, ಕೈಯ ಅಲುಗಾಟ, ನೀನು ತುಂಬಿದ ತೂಕ ಮತ್ತು ವಯಸ್ಸು. ಉಳಿದದ್ದು ಅಂದಾಜು. ಬಿಸಿಲಿಗೂ ನಾಡಿ ಏರುತ್ತದೆ, ಪರೀಕ್ಷೆಯ ಹೆದರಿಕೆಗೂ ಏರುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಾಗಿದ್ದದ್ದೇ ಸರಾಸರಿ 27% ತಪ್ಪಿತ್ತು. ಎಲ್ಲಕ್ಕಿಂತ ಕೆಟ್ಟದ್ದು 93%. ಹೋಳಿಗೆಯ ಕ್ಯಾಲರಿಯನ್ನು ಬೇಕಂತಲೇ ಬರೆಯುತ್ತಿಲ್ಲ. ಅಂಗೈಯಗಲ ಲಟ್ಟಿಸಿದ್ದೋ ಹಂಚಿನಗಲ ಲಟ್ಟಿಸಿದ್ದೋ, ಬೆಲ್ಲ ಎಷ್ಟು ಬಿತ್ತೋ, ಯಾವ ಆ್ಯಪಿಗೆ ಗೊತ್ತು? ಎರಡೂ ಕಡೆ ಅಂಕಿ ಸುಳ್ಳಾದ ಮೇಲೆ ಅದು ಎಂಥ ಜಮಾ-ಖರ್ಚು?

ದೇಹವೂ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಹೆಚ್ಚು ನಡೆದ ದಿನ ಉಳಿದ ಹೊತ್ತಿನಲ್ಲಿ ಎಷ್ಟೋ ಸಲ ನಮಗರಿವಿಲ್ಲದೆ ಕಡಿಮೆ ಓಡಾಡುತ್ತೇವೆ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗಡ್ಡೆ ಅಗೆದು ಬದುಕುವ ಹಾಡ್ಜಾ ಜನರ ದಿನದ ಕ್ಯಾಲರಿ ಖರ್ಚನ್ನು ಸಂಶೋಧಕ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರಕ್ಕೆ ಹೋಲಿಸಿದರೆ ಅದು ಪಟ್ಟಣದ ಕುರ್ಚಿಯಲ್ಲಿ ಕೂತವರ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ.

ನನಗೆ ದಿಗಿಲಿರುವುದು ಮುಂದಿನದಕ್ಕೆ. ದಂಡವೆಂದು ನಡೆದು, ಮೇಲೆ ಊಟವನ್ನೂ ಕಡಿಮೆ ಮಾಡಿದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಸದ್ಯಕ್ಕೆ ಜೀವಕ್ಕೆ ಬೇಡದ್ದನ್ನು ಮೊದಲು ನಿಲ್ಲಿಸುತ್ತದೆ, ಅಂದರೆ ಮುಟ್ಟನ್ನು. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ, ಅದರ ಹಿಂದೆ ಎಲುಬು ಸವೆಯುತ್ತದೆ, ಅದೂ ಎಲುಬು ಗಟ್ಟಿಯಾಗಬೇಕಾದ ನಿನ್ನ ವಯಸ್ಸಿನಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’, ಅಂದರೆ ಆಟದಲ್ಲಿ ಖರ್ಚಿಗೆ ತಕ್ಕಷ್ಟು ಊಟವಿಲ್ಲದ ಕೊರತೆ, ಎಂದು ಹೆಸರಿಟ್ಟಿತು. ಆಟಗಾರರಿಗೆ ಮಾತ್ರ ಬರುವುದಲ್ಲ. ತೆಳ್ಳಗಿದ್ದವರಿಗೇ ಬರುವುದೂ ಅಲ್ಲ.

ಇಲ್ಲೊಂದು ಮೋಸವಿದೆ. ಮುಟ್ಟು ನಿಂತವಳ ಸ್ಕ್ಯಾನಿನಲ್ಲಿ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡರೆ ‘ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ), ತೂಕ ಇಳಿಸು’ ಎಂಬ ಸಲಹೆ ಸಿಗಬಹುದು. ಕಡಿಮೆ ಊಟ, ಹೆಚ್ಚು ವ್ಯಾಯಾಮದಿಂದ ಮುಟ್ಟು ನಿಂತವರಲ್ಲೂ ಹಾಗೆಯೇ ಕಾಣಬಹುದು, ಅವರಿಗೆ ಆ ಸಲಹೆ ಉಲ್ಟಾ. ಹಾರ್ಮೋನ್ ಗುಳಿಗೆ ನುಂಗಿದಾಗ ಆಗುವ ರಕ್ತಸ್ರಾವವೂ ಮುಟ್ಟು ಮರಳಿತು ಎಂಬುದಕ್ಕೆ ಸಾಕ್ಷಿಯಲ್ಲ. ಮೂರು ತಿಂಗಳು ಮುಟ್ಟಾಗದಿದ್ದರೆ, ಮೊಣಕಾಲ ಕೆಳಗಿನ ಎಲುಬು ಬೆರಳಿಟ್ಟ ಒಂದೇ ಕಡೆ ನೋಯುತ್ತಿದ್ದರೆ, ತಲೆಸುತ್ತು ಬಂದರೆ, ಕೈಕಾಲು ಸದಾ ತಣ್ಣಗಿದ್ದರೆ ಡಾಕ್ಟರ ಹತ್ತಿರ ಹೋಗು. ಎಷ್ಟು ತಿನ್ನುತ್ತೀ, ಎಷ್ಟು ನಡೆಯುತ್ತೀ ಎಂಬುದನ್ನು ಅವರು ಕೇಳದಿದ್ದರೂ ಹೇಳು.

ರಾತ್ರಿ ಹತ್ತಕ್ಕೆ ಡಬ್ಬಿಯೆಲ್ಲ ಖಾಲಿ ಮಾಡುವುದು ಚಪಲವಲ್ಲ, ಹಗಲಿನ ಬಾಕಿ. ಮುಂಜಾನೆ ಚಹಾದಲ್ಲೇ ದಾಟಿಸಿ, ಮಧ್ಯಾಹ್ನ ಅರ್ಧ ರೊಟ್ಟಿಗೆ ಏಳುವವಳಿಗೆ ರಾತ್ರಿ ಹಸಿವು ಬಡ್ಡಿ ಸಮೇತ ಬರುತ್ತದೆ. ಮರುದಿನ ಅದಕ್ಕೆ ಮತ್ತೆ ದಂಡ, ಮತ್ತೆ ಉಪವಾಸ. ಈ ಗಾಣವನ್ನು ಊಟದ ಕಡೆಯಿಂದ ನಿಲ್ಲಿಸಬೇಕು, ನಡಿಗೆಯ ಕಡೆಯಿಂದಲ್ಲ.

ವಾಚಿನಲ್ಲಿ ಕ್ಯಾಲರಿಯ ಪರದೆ ತೆಗೆದುಹಾಕು. ನಡಿಗೆಯ ಹೊತ್ತನ್ನು ವಾರದ ಮೊದಲೇ ಗೊತ್ತುಮಾಡು: ಐದು ದಿನ, ದಿನಕ್ಕೆ 30–40 ನಿಮಿಷ. ಹಬ್ಬ ಬಂದರೂ ಅಷ್ಟೇ, ಉಪವಾಸವಿದ್ದರೆ ಆ ದಿನ ಬಿಡು. ಕೋಟೆಯ ಕಡೆ ಹೋಗುವುದಾದರೆ ಬಿಸಿಲೇರುವ ಮುಂಚೆ ಹೋಗು, ಹೊರಡುವ ಅರ್ಧ ತಾಸು ಮೊದಲು ಒಂದು ಬಾಳೆಹಣ್ಣು ತಿನ್ನು. ಬಂದ ತಾಸಿನೊಳಗೆ ಹೊಟ್ಟೆತುಂಬ ನಾಷ್ಟಾ. ಮಧ್ಯಾಹ್ನ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಮೊಸರು. ಮೂರು-ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬೇಡ. ಹೆಚ್ಚು ತಿಂದ ಮರುದಿನವೂ ನಾಷ್ಟಾ ಅದೇ ಹೊತ್ತಿಗೆ, ಅಷ್ಟೇ. ಇದೇ ಎಲ್ಲಕ್ಕಿಂತ ಕಷ್ಟದ್ದು, ಗೊತ್ತು.

ಒಂದು ಪರೀಕ್ಷೆ ಮಾಡಿ ನೋಡು. ಎರಡು ದಿನ ನಡೆಯಬೇಡ, ಊಟ ಮಾತ್ರ ಕಡಿಮೆ ಮಾಡಬೇಡ. ಬೇಜಾರಾದರೆ ಸರಿ, ಆಗುತ್ತದೆ. ಹೆದರಿಕೆಯಾದರೆ, ಜ್ವರದಲ್ಲೂ ಎದ್ದು ಹೊರಡಬೇಕೆನಿಸಿದರೆ, ತಿಂದದ್ದನ್ನು ವಾಂತಿ ಮಾಡಬೇಕೆನಿಸಿದರೆ ಒಬ್ಬಳೇ ಇಟ್ಟುಕೊಳ್ಳಬೇಡ. ನನಗೆ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಭಾನುವಾರದ ಬಸ್ಸಿಗೆ ಕಾಕಾ ಬರುತ್ತಿದ್ದಾರೆ. ಅವರ ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾಹಿಂಡಿ, ಹನ್ನೆರಡು ಹೋಳಿಗೆ ಕಳಿಸುತ್ತಿದ್ದೇನೆ. ತುಪ್ಪದ ಸಣ್ಣ ಡಬ್ಬಿ ಬೇರೆ ಇದೆ, ಮುಚ್ಚಳ ಸಡಿಲ, ನೆಟ್ಟಗೆ ಇಡು. ರೂಮಿನ ಹುಡುಗಿಯರಿಗೂ ಕೊಡು. ಎಷ್ಟು ತಿಂದೆ ಅಂತ ನನಗೆ ಹೇಳಬೇಡ, ನಾನೂ ಕೇಳುವುದಿಲ್ಲ.

ನಿನ್ನ ಅವ್ವ