ಮಾರ್ಜಿನ್ ಮನಿ ಯಾರ ಮನೆಯಿಂದ ಬರುತ್ತದೆ

ಸಿಯಾಟಲ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನೀವು ಕೇಳಿದ್ದು ಎರಡು ಪ್ರಶ್ನೆ. ಸಂಬಳ ಸರಿಸಮ ಇದ್ದಾಗಲೂ ಇಲ್ಲಿ ಬಿಳಿಯರಷ್ಟು ಕಪ್ಪು ಜನರಿಗೆ ಸ್ವಂತ ಮನೆ ಏಕಿಲ್ಲ ಎನ್ನುವುದು ಒಂದು. ಇಲ್ಲಿ ಮನೆ ಕೊಳ್ಳಲು ಸರ್ಕಾರ ಕೊಡುವ ಸಹಾಯಧನ ಚಿಕ್ಕಪ್ಪನ ಮಗ ಸುಹಾಸನಿಗೆ ಸಿಕ್ಕೀತೇ, ಇಲ್ಲವಾದರೆ ಚಿಕ್ಕಪ್ಪ ಸೈಟು ಮಾರಿ ಹಣ ಕಳಿಸಬೇಕೇ ಎನ್ನುವುದು ಇನ್ನೊಂದು. ಸಾಲದ ಜೊತೆ ಕೊಳ್ಳುವವನು ಕೈಯಿಂದ ಹಾಕುವ ದುಡ್ಡಿಗೆ ನೀವು ಬ್ಯಾಂಕಿನಲ್ಲಿ ಮಾರ್ಜಿನ್ ಮನಿ ಎನ್ನುತ್ತಿದ್ದಿರಲ್ಲ, ಎರಡು ಪ್ರಶ್ನೆಗಳ ಬೇರೂ ಅದರಲ್ಲೇ ಇದೆ. ಕಂತು ಕಟ್ಟುವ ತಾಕತ್ತು ಸಂಬಳದಿಂದ ಬರುತ್ತದೆ, ಮೊದಲು ಕೈಯಿಂದ ಹಾಕುವ ದುಡ್ಡು ಬಹುಪಾಲು ಹಿರಿಯರಿಂದ ಬರುತ್ತದೆ.

ಅಮೆರಿಕದಲ್ಲಿ ಬಿಳಿಯರ 100 ಮನೆತನಗಳಲ್ಲಿ ಸುಮಾರು 74 ಸ್ವಂತ ಮನೆಯಲ್ಲಿವೆ. ಕಪ್ಪು ಜನರಲ್ಲಿ ಅದು 45ರ ಆಸುಪಾಸು, ಹಿಸ್ಪಾನಿಕ್ ಜನರಲ್ಲಿ 50ಕ್ಕೆ ಸ್ವಲ್ಪ ಕಡಿಮೆ, ಏಷ್ಯನ್ನರಲ್ಲಿ 60ಕ್ಕೆ ಸ್ವಲ್ಪ ಹೆಚ್ಚು. 1960ರಲ್ಲಿ, ಬಣ್ಣ ನೋಡಿ ಮನೆ ನಿರಾಕರಿಸುವುದು ಇನ್ನೂ ರಾಜಾರೋಷವಾಗಿ ನಡೆಯುತ್ತಿದ್ದ ಕಾಲದಲ್ಲೂ, ಬಿಳಿ–ಕಪ್ಪು ಅಂತರ ಇಂದಿಗಿಂತ ಹೆಚ್ಚೇನೂ ಇರಲಿಲ್ಲ. 2022ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ಸಾಲ ಕಳೆದು, ನಟ್ಟನಡುವಿನ ಬಿಳಿ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 44,900.

ಇದು ತಾನಾಗಿ ಆದದ್ದಲ್ಲ. 1930ರ ದಶಕದಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ತೆಗೆದು ಬಡಾವಣೆಗಳಿಗೆ ಬಣ್ಣ ಹಚ್ಚಿತು. ಹಸಿರು, ನೀಲಿ, ಹಳದಿ, ಕೊನೆಗೆ ಸಾಲ ಕೊಡುವುದು ಅಪಾಯ ಎನ್ನುವ ಕೆಂಪು. ಕಪ್ಪು ಜನರಿದ್ದ ಬಡಾವಣೆ ಹೆಚ್ಚುಕಡಿಮೆ ಎಲ್ಲೆಡೆ ಕೆಂಪೇ. ಇವತ್ತಿಗೂ ಅಂಥ ಪಕ್ಷಪಾತಕ್ಕೆ ರೆಡ್‌ಲೈನಿಂಗ್ ಎಂದೇ ಹೆಸರು. 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತ, ಅಂದರೆ ಎಫ್‌ಎಚ್‌ಎ ಮನೆ ಸಾಲಕ್ಕೆ, ತೀರದಿದ್ದರೆ ಬ್ಯಾಂಕಿನ ನಷ್ಟ ತುಂಬುವ ಸರ್ಕಾರದ ವಿಮೆ ಕೊಡತೊಡಗಿತು, ಆದರೆ ಬಡಾವಣೆಯಲ್ಲಿ ಬೇರೆ ಬಣ್ಣದವರು ಸೇರದಂತೆ ಕ್ರಯಪತ್ರದಲ್ಲೇ ಷರತ್ತು ಹಾಕಿ ಎಂದು ಅದರ ಕೈಪಿಡಿಯೇ ಸಲಹೆ ನೀಡಿತ್ತು. 1944ರ ಕಾಯ್ದೆ ಯುದ್ಧದಿಂದ ಮರಳಿದ ಸೈನಿಕರಿಗೆ ಸಾಲದ ಖಾತರಿ ಕೊಟ್ಟಿತು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಹಾಗೆ ಖಾತರಿ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಹೋದದ್ದು 2. ಬ್ಯಾಂಕು ಕೈಬಿಟ್ಟವರು ಶಿಕಾಗೋದಂಥ ಊರುಗಳಲ್ಲಿ ದಲ್ಲಾಳಿಗಳ ಹತ್ತಿರ ಕಂತಿನ ಕರಾರಿಗೆ ಮನೆ ಕೊಂಡರು. ಕೊನೆಯ ಕಂತು ತೀರುವವರೆಗೂ ಹಕ್ಕು ಮಾರಿದವನದೇ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ ದುಡ್ಡೂ ಹೋಯಿತು.

ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಬಣ್ಣ ನೋಡಿ ಮನೆ ನಿರಾಕರಿಸುವುದನ್ನು ನಿಷೇಧಿಸುವ ಫೇರ್ ಹೌಸಿಂಗ್ ಕಾಯ್ದೆ ಬಂತು. ಬಾಗಿಲು ತೆರೆಯಿತು, ನಿಜ. ಅಷ್ಟರಲ್ಲಿ ಬಿಳಿಯರ ಎರಡು ತಲೆಮಾರು ಅಗ್ಗದ ಸಾಲದಲ್ಲಿ ಮನೆ ಕೊಂಡು, ಅದರ ಬೆಲೆ ಏರಿ, ಮಕ್ಕಳ ಕಾಲೇಜಿಗೂ ಮೊಮ್ಮಕ್ಕಳ ಮೊದಲ ಮನೆಗೂ ಅದೇ ಬಂಡವಾಳವಾಗಿತ್ತು. ಕಪ್ಪು ಕುಟುಂಬದ ಹುಡುಗ ಈಗ ಅದೇ ಕಂಪನಿಯಲ್ಲಿ ಅದೇ ಸಂಬಳ ಎಣಿಸಿದರೂ ಅವನ ಹೆಗಲ ಮೇಲೆ ಕಾಲೇಜು ಸಾಲ ಇರುತ್ತದೆ, ಬೆನ್ನಿಗೆ ಅಪ್ಪನ ಮನೆ ಇರುವುದಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇನ್ನೊಂದು ಗೋಜಲಿದೆ. ಅಜ್ಜ ಉಯಿಲು ಬರೆಯದೆ ಸತ್ತು, ಜಮೀನು ಅವನ ಹೆಸರಲ್ಲೇ ಉಳಿದು, ವಾರಸುದಾರರು ಹತ್ತಾರು ಜನರಾಗಿರುತ್ತಾರೆ. ನಮ್ಮಲ್ಲಿ ಪೌತಿ ಖಾತೆಯಾಗದ ಹೊಲದ ಮೇಲೆ ಬ್ಯಾಂಕು ಸಾಲ ಕೊಡುತ್ತದೆಯೇ? ಅಲ್ಲೂ ಅದೇ ಗತಿ. ಆಸ್ತಿ ಇದೆ, ಅಡವಿಡಲು ಬರುವುದಿಲ್ಲ.

ಈಗ ಲೆಕ್ಕ. ಮನೆ 5,00,000 ಡಾಲರ್ ಎನ್ನಿ. ಎಫ್‌ಎಚ್‌ಎ ಸಾಲದಲ್ಲಿ ಕ್ರೆಡಿಟ್ ಸ್ಕೋರ್ 580 ದಾಟಿದ್ದರೆ ಶೇ. 3.5, ಅಂದರೆ 17,500 ಕೈಯಿಂದ ಹಾಕಬೇಕು. ಕ್ಲೋಸಿಂಗ್ ಖರ್ಚು, ಅಂದರೆ ನೋಂದಣಿ, ಕಾಗದಪತ್ರ, ಬ್ಯಾಂಕಿನ ಶುಲ್ಕ, ಶೇ. 2ರಿಂದ 5 ಬರುತ್ತದೆ, ಶೇ. 3 ಹಿಡಿದರೂ 15,000. ಒಟ್ಟು 32,500. ಇದರ ಮೇಲೆ ಸಾಲದ ಶೇ. 1.75 ವಿಮಾಶುಲ್ಕ, ಸುಮಾರು 8,444, ಸಾಮಾನ್ಯವಾಗಿ ಸಾಲಕ್ಕೇ ಸೇರುತ್ತದೆ. ಆಮೇಲೆ ವರ್ಷಕ್ಕೆ ಶೇ. 0.55, ತಿಂಗಳಿಗೆ 220ರ ಹತ್ತಿರ. ಕೈಯಿಂದ ಹಾಕಿದ್ದು ಶೇ. 10ಕ್ಕಿಂತ ಕಡಿಮೆ ಇದ್ದರೆ ಈ ವಿಮೆ ಸಾಲ ತೀರುವವರೆಗೂ ಬಿಡುವುದಿಲ್ಲ. ಸರ್ಕಾರದ ವಿಮೆಯಿಲ್ಲದ ಸಾಮಾನ್ಯ ಸಾಲದಲ್ಲಾದರೆ ಮೊದಲ ಮನೆಗೆ ಶೇ. 3 ಸಾಕು. ಅದರ ಖಾಸಗಿ ವಿಮೆಯನ್ನು, ಬಾಕಿ ಮೂಲಬೆಲೆಯ ಶೇ. 80ಕ್ಕೆ ಇಳಿದಾಗ ಅರ್ಜಿ ಕೊಟ್ಟು ತೆಗೆಸಬಹುದು, ಕಂತಿನ ಪಟ್ಟಿಯ ಪ್ರಕಾರ 78ಕ್ಕೆ ತಾನಾಗಿ ಹೋಗುತ್ತದೆ. ಅರ್ಜಿ ಕೊಡಬಹುದೆಂದು ಗೊತ್ತಿಲ್ಲದೆ ಕಟ್ಟುತ್ತಲೇ ಇರುವವರು ಬಹಳ.

ಈ ಕೈದುಡ್ಡಿಗೆ ಸರ್ಕಾರದ ಸಹಾಯ ಎಂದರೆ ಎಲ್ಲರೂ ದಾನ ಎಂದುಕೊಳ್ಳುತ್ತಾರೆ. ಹೆಚ್ಚಿನವು ಎರಡನೇ ಸಾಲ. ಬಡ್ಡಿ ಇಲ್ಲ ಅಥವಾ ಅತ್ಯಲ್ಪ, ತಿಂಗಳ ಕಂತಿಲ್ಲ, ಮನೆ ಮಾರಿದ ದಿನ ಅಥವಾ ಸಾಲ ಬದಲಾಯಿಸಿದ ದಿನ ಒಟ್ಟಿಗೆ ತೀರಿಸಬೇಕು. ಕೆಲವು, ಇಷ್ಟು ವರ್ಷ ಅದೇ ಮನೆಯಲ್ಲಿ ಇದ್ದರೆ ಮನ್ನಾ ಆಗುತ್ತವೆ. ಇನ್ನು ಕೆಲವು ಮನೆಯ ಬೆಲೆ ಏರಿದ್ದರಲ್ಲಿ ಪಾಲು ಕೇಳುತ್ತವೆ. ಕ್ಯಾಲಿಫೋರ್ನಿಯಾದ ಡ್ರೀಮ್ ಫಾರ್ ಆಲ್ ಈ ಕೊನೆಯ ಬಗೆಯದು. 2023ರಲ್ಲಿ ಅದರ 300 ಮಿಲಿಯನ್ ಡಾಲರ್ 11 ದಿನದಲ್ಲಿ ಖಾಲಿಯಾಯಿತು. ಮೊದಲು ಬಂದವರಿಗೆ ಮೊದಲು ಎಂದರೆ ಪರಿಚಯದ ಏಜೆಂಟ್ ಇದ್ದವರಿಗೆ, ಕಾಗದ ಸಿದ್ಧವಿದ್ದವರಿಗೆ ಎಂದೇ ಅರ್ಥ. ಮರುವರ್ಷ ಲಾಟರಿ ಮಾಡಿ, ತಂದೆತಾಯಿಗೆ ಸ್ವಂತ ಮನೆ ಇಲ್ಲದವರಿಗೆ ಮಾತ್ರ ಎಂಬ ನಿಯಮ ತಂದರು. ಬಣ್ಣದ ಹೆಸರೆತ್ತದೆ ಅಂತರದ ಬುಡಕ್ಕೆ ಕೈಹಾಕುವ ದಾರಿ ಇದು, ಕೋರ್ಟಿನಲ್ಲೂ ಹೆಚ್ಚು ದಿನ ಬಾಳೀತು ಎಂದು ನನ್ನ ಅನಿಸಿಕೆ.

ಸಹಾಯ ಮಂಜೂರಾದ ಮೇಲೂ ಮನೆ ಕೈತಪ್ಪುವುದುಂಟು. ಯೋಜನೆಯ ಪಟ್ಟಿಯಲ್ಲಿರುವ ಬ್ಯಾಂಕಿನಲ್ಲೇ ಸಾಲ ಪಡೆಯಬೇಕು. ಮನೆ ಕೊಳ್ಳುವವರಿಗೆಂದೇ ಇರುವ ತರಗತಿಗೆ ಹೋಗಿ ಪ್ರಮಾಣಪತ್ರ ತರಬೇಕು. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ 5 ಗಂಟೆಯದು, ಉಚಿತ. ಎರಡು ಕಡೆ ಕಡತ ಓಡಾಡುವುದರಿಂದ ದಿನ ಹೆಚ್ಚು ಹಿಡಿಯುತ್ತದೆ, ಅವಸರದ ಮಾರಾಟಗಾರ ನಗದಿನವನ ಕಡೆ ವಾಲುತ್ತಾನೆ. ಇನ್ನು ಅಪ್ರೈಸಲ್, ಅಂದರೆ ಬ್ಯಾಂಕು ಮಾಡಿಸುವ ಮನೆಯ ಮೌಲ್ಯಮಾಪನ. ಒಪ್ಪಿದ ಬೆಲೆಗಿಂತ 15,000 ಕಡಿಮೆ ಬಂತೆನ್ನಿ, ಬ್ಯಾಂಕು ಕಡಿಮೆ ಬೆಲೆಗೇ ಸಾಲ ಕೊಡುತ್ತದೆ, ಉಳಿದದ್ದು ಕೊಳ್ಳುವವನ ಜೇಬಿನಿಂದಲೇ ಹೋಗಬೇಕು. ಅಳತೆ ತಪ್ಪು, ಹತ್ತಿರದ ಮಾರಾಟಗಳ ಹೋಲಿಕೆ ತಪ್ಪು ಎಂದು ಬ್ಯಾಂಕಿನ ಮೂಲಕ ಮರುಪರಿಶೀಲನೆ ಕೇಳಬಹುದು. ಕಪ್ಪು ಜನರ ಬಡಾವಣೆಗಳಲ್ಲಿ ಈ ಅರ್ಜಿಯ ಅಗತ್ಯ ಹೆಚ್ಚು.

ನಿಮಗೆ ಆಶ್ಚರ್ಯವಾಗುವ ವಿಷಯ ಒಂದಿದೆ. ನಮ್ಮ ರಾಜ್ಯ 2023ರಲ್ಲಿ ಕಾಯ್ದೆ ಮಾಡಿ, ದಸ್ತಾವೇಜು ನೋಂದಣಿಗೆ 100 ಡಾಲರ್ ಶುಲ್ಕ ಹಾಕಿ, ಆ ಹಣದಲ್ಲಿ 2024ರ ಜುಲೈನಿಂದ ಕವೆನೆಂಟ್ ಹೋಮ್‌ಓನರ್‌ಶಿಪ್ ಎಂಬ ಯೋಜನೆ ನಡೆಸುತ್ತಿದೆ. ಹಳೆಯ ಕ್ರಯಪತ್ರಗಳ ಷರತ್ತಿನಿಂದ ನೊಂದವರಿಗೆ ಬಡ್ಡಿಯಿಲ್ಲದ ಎರಡನೇ ಸಾಲ. ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ, ಕೊರಿಯನ್ ಜನರ ಜೊತೆ ಭಾರತೀಯ ಮೂಲದವರೂ ಆ ಪಟ್ಟಿಯಲ್ಲಿದ್ದಾರೆ. ಕಾರಣವಿಲ್ಲದೆ ಅಲ್ಲ. 1907ರಲ್ಲಿ ಇದೇ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನಿಂದ ಮರದ ಮಿಲ್ಲುಗಳ ಭಾರತೀಯ ಕೂಲಿಗಳನ್ನು ಹೊಡೆದೋಡಿಸಿದ್ದರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ವಲಸಿಗರ ಮೊಕದ್ದಮೆಯಲ್ಲಿ ಭಾರತೀಯರಿಗೆ ಪೌರತ್ವವಿಲ್ಲ ಎಂದು ಇಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1946ರವರೆಗೂ ಹಾಗೇ ನಡೆಯಿತು. ಪೌರತ್ವಕ್ಕೆ ಅರ್ಹರಲ್ಲದವರು ಭೂಮಿ ಕೊಳ್ಳಬಾರದೆಂಬ 1921ರ ಕಾನೂನು ಇಲ್ಲಿ ರದ್ದಾದದ್ದು 1966ರಲ್ಲಿ.

ಆದರೆ ಸುಹಾಸನಿಗೆ ಇದು ಸಿಗದು. ಅರ್ಜಿದಾರ ಅಥವಾ ಅವನ ತಂದೆತಾಯಿ, ಅಜ್ಜ, ಮುತ್ತಜ್ಜ 1968ರ ಏಪ್ರಿಲ್‌ಗೆ ಮುಂಚೆ ಇದೇ ರಾಜ್ಯದಲ್ಲಿ ವಾಸವಿದ್ದುದಕ್ಕೆ ದಾಖಲೆ ಬೇಕು. ನಾವೆಲ್ಲ ಸಾಫ್ಟ್‌ವೇರ್ ಕಾಲದಲ್ಲಿ ಬಂದವರು. ಆ ಷರತ್ತು ನ್ಯಾಯವಾದದ್ದೇ, ನೋವು ತಿಂದವರು ಬೇರೆ. ಎಫ್‌ಎಚ್‌ಎ ಸಾಲವೂ ಅವನಿಗಿಲ್ಲ, 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದ ಎಚ್‌1ಬಿ ಉದ್ಯೋಗ ವೀಸಾದವರನ್ನು ಅದರಿಂದ ಹೊರಗಿಟ್ಟಿದ್ದಾರೆ. ಉಳಿದದ್ದು ಸಾಮಾನ್ಯ ಸಾಲ.

ಹಣ ಕಳಿಸುವುದಾದರೆ ಚಿಕ್ಕಪ್ಪನಿಗೆ ಇಷ್ಟು ಹೇಳಿ. ರಿಸರ್ವ್ ಬ್ಯಾಂಕಿನ ಹೊರದೇಶ ರವಾನೆ ಯೋಜನೆಯಾದ ಎಲ್‌ಆರ್‌ಎಸ್ ಅಡಿಯಲ್ಲಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಮಗನಿಗೆ ಕೊಡಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ. 20 ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ: 40 ಲಕ್ಷ ಕಳಿಸಿದರೆ 6 ಲಕ್ಷ ಬೇರೆ ತೆಗೆದಿಡಬೇಕು. ಅದು ರಿಟರ್ನ್ಸ್‌ನಲ್ಲಿ ವಾಪಸು ಬರುತ್ತದೆ, ಕೂಡಲೇ ಅಲ್ಲ. ಸೈಟು ಮಾರಿದ ಲಾಭದ ತೆರಿಗೆ ಬೇರೆ. ಇಲ್ಲಿಯ ಬ್ಯಾಂಕಿಗೆ ಗಿಫ್ಟ್ ಲೆಟರ್ ಬೇಕು. ಸಂಬಂಧ, ಮೊತ್ತ, ವಾಪಸು ಕೊಡಬೇಕಿಲ್ಲ ಎಂಬ ಮಾತು, ಸಹಿ. ಜೊತೆಗೆ ಸೈಟಿನ ಕ್ರಯಪತ್ರದ ಪ್ರತಿ, ಚಿಕ್ಕಪ್ಪನ ಪಾಸ್‌ಬುಕ್ ಪುಟ, ಹಣ ಬಂದ ಸ್ವಿಫ್ಟ್ ರಸೀದಿ ಇರಲಿ. ನಾಲ್ಕು ಸಂಬಂಧಿಕರ ಖಾತೆಯಿಂದ ಚೂರುಚೂರಾಗಿ ಕಳಿಸಬೇಡಿ, ಎರಡು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಂಡ ಪ್ರತಿ ದೊಡ್ಡ ಜಮೆಗೂ ವಿವರಣೆ ಕೇಳುತ್ತಾರೆ. ಒಂದು ವರ್ಷದಲ್ಲಿ 1,00,000 ಡಾಲರ್ ದಾಟಿದರೆ ಸುಹಾಸ ಇಲ್ಲಿಯ ತೆರಿಗೆ ಇಲಾಖೆಗೆ 3520 ನಂಬರಿನ ಫಾರಂ ತುಂಬಬೇಕು. ತೆರಿಗೆಯಿಲ್ಲ, ಮರೆತರೆ ತಿಂಗಳಿಗೆ ಶೇ. 5ರಂತೆ 25ರವರೆಗೆ ದಂಡ.

ಅವನು ಮೊದಲು, ಎಷ್ಟು ಸಾಲ ಸಿಗುತ್ತದೆ ಎಂದು ಬ್ಯಾಂಕು ಬರೆದುಕೊಡುವ ಪ್ರೀ ಅಪ್ರೂವಲ್ ಪತ್ರ ತೆಗೆಸಲಿ, ಎಷ್ಟು ಕಡಿಮೆ ಬೀಳುತ್ತದೆ ಎಂದು ತಿಳಿಯುತ್ತದೆ. ಅಲ್ಲಿಯವರೆಗೆ ಸೈಟಿಗೆ ಅಡ್ವಾನ್ಸ್ ತೆಗೆದುಕೊಳ್ಳುವುದು ಬೇಡ ಎನ್ನಿ. ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು